ಗೆರಿ ಹಾಕಾಂವ

ವರ್ಷದಾಗ ಮೂರೋ ನಾಕೋ ಮುಂಜಾನಿ
ಈ ಮೈದಾನ ಸರ್ಕಾರದ್ದು.
ಉಳಿದ ದಿನ ಪೊಲೀಸ್ ಭರ್ತಿಗೆ ಓಡೋ ಹುಡುಗರದ್ದು,
ಲೈಸೆನ್ಸಿಗಂತ ಎಂಟರ ಆಕಾರ ಸುತ್ತೋ ಸ್ಕೂಟರಿನ ಅಕ್ಕಗಳದ್ದು,
ಬೇವಿನ ನೆರಳಿನ್ಯಾಗ ಮಲಗೋ ಆಡಿನದ್ದು.

ಆಗ ಸ್ಟೇಷನ್ನಿನ ಬೋರ್ಡಿನ ಮ್ಯಾಲ ಗುಲಬರ್ಗಾ ಅಂತಿತ್ತು.
ನಾನು ಮೈಕ್ ಸೆಟ್ಟಿನ ಹುಡುಗ.
ಬಿದಿರಿಗೆ ಭೋಂಗಾ ಕಟ್ಟೋದು, ವೈರ್ ಎಳೆಯೋದು,
ರಾತ್ರಿ ಆಂಪ್ಲಿಫೈಯರ್ ಕಾಯ್ಕೊಂಡು ಅಲ್ಲೇ ಮಲಗೋದು.
ಗೆರಿ ಹಾಕಾಂವ ಜುಮ್ಮಣ್ಣ.

ತೂತು ಕೊರೆದ ಡಾಲ್ಡಾ ಡಬ್ಬಿ, ಒಳಗ ಶಹಾಬಾದಿನ ಸುಣ್ಣ,
ಎರಡು ಗೂಟ, ನಡುವ ಒಂದು ಹುರಿ.
ಬಗ್ಗಿ ಹಿಂದಕ್ಕ ಹಿಂದಕ್ಕ ನಡೀತಿದ್ದ,
ತನ್ನ ಗೆರಿ ತಾನೇ ತುಳೀಲಾರದಂಗ.
"ಮುಂದಕ್ಕ ನಡೆಯೋದು
ನಾಳಿ ಬರೋ ಮಂದಿ ಕೆಲಸ" ಅಂತಿದ್ದ.

ಫಾರ್ಮಸಿ ಓದಾಕ ಬಂದ ಹುಡುಗಿ, ಎಫುವಾ,
ಎರಡು ಸಮುದ್ರದ ಆಚೆ, ಅಕ್ರಾ ಅನ್ನೋ ಊರಾಕಿ,
ಹೊತ್ತು ಮೂಡೋಕ ಮುಂಚೆ ಓಡಾಕ ಬರ್ತಿದ್ಳು.
ಸೆಪ್ಟೆಂಬರ್ ಹದಿನಾರರ ನಸುಕಿನ್ಯಾಗ
ಹೊಸ ಗೆರಿ ಮುಂದ ಗಕ್ಕನ ನಿಂತಳು,
ದಾಟಲೋ ಬ್ಯಾಡೋ ಅನ್ನೋಹಂಗ.

ನಮ್ಮೂರಾಗೂ ಇಂಥದೊಂದು ಬಯಲದ, ಅಂದಳು.
(ಅವಳ ಇಂಗ್ಲಿಷು, ನನ್ನ ಎಸ್ಸೆಸ್ಸೆಲ್ಸಿ ಫೇಲು,
ಉಳಿದದ್ದು ಅವಳ ಕೈ ಹೇಳಿತು.)
ಸಮುದ್ರದ ಬಾಜೂಕ.
ಮೂವತ್ತು ಸಾವಿರ ಮಂದಿ ಕೂಡೋವಷ್ಟು ಸಿಮೆಂಟಿನ ಮೆಟ್ಟಿಲು.
ಕಮಾನಿನ ನೆತ್ತಿ ಮ್ಯಾಲ ಒಂದು ಕರಿ ನಕ್ಷತ್ರ.
ಮಾರ್ಚ್ ಆರಕ್ಕ ಸಿಪಾಯಿಗಳು, ಬ್ಯಾಂಡು.
ಉಳಿದ ದಿನ ಉಪ್ಪಿನ ಗಾಳಿ ಬಂದು
ಸಾಲು ಸಾಲು ಕೂತು ಎದ್ದು ಹೋಗ್ತದ.

ಜುಮ್ಮಣ್ಣ ಡಬ್ಬಿ ಕೆಳಗಿಟ್ಟ:
"ಅಲ್ಲಿ ಗೆರಿ ಯಾರು ಹಾಕ್ತಾರ, ಕೇಳು."

ಕೇಳ್ದೆ. ನಕ್ಕಳು. ಆಮ್ಯಾಲ ನಗಲಿಲ್ಲ.
ಸಾಲಿ ಹುಡುಗಿ ಇದ್ದಾಗ ಬಿಳಿ ಬೂಟಿನ ತುದಿ ಗೆರಿಗೆ ಹಚ್ಚಿ
ಮೂರು ತಾಸು ನಿಂತೀನಿ ಬಿಸಿಲಾಗ,
ಯಾರು ಹಾಕಿದ್ದು ಅಂತ ನೋಡೇ ಇಲ್ಲ, ಅಂದಳು.

ಅಲ್ಲಿ ಹುಟ್ಟಿದ ವಾರನೇ ಹೆಸರಂತ.
ಎಫುವಾ ಅಂದ್ರ ಶುಕ್ರವಾರ ಹುಟ್ಟಿದಾಕಿ.
ಜುಮ್ಮಣ್ಣ ಸುಣ್ಣದ ಕೈಲೆ ಎದಿ ಮುಟ್ಟಿಕೊಂಡ:
"ಜುಮ್ಮಾ. ನಂದೂ ಅದೇ."

ಯಾವ ಶುಕ್ರವಾರ ಅಂದ್ರ,
ದೇಶಕ್ಕ ಒಂದು ಶುಕ್ರವಾರ ಬಂದ ಸ್ವಾತಂತ್ರ್ಯ
ನಮ್ಮ ಕಡಿ ಹದಿಮೂರು ತಿಂಗಳು ತಡಾ ಮಾಡಿ
ಇನ್ನೊಂದು ಶುಕ್ರವಾರ ಬಂತಲ್ಲ, ಅದು.
ಅವರವ್ವ ಎದೆಮಟ ತೊಗರಿ ಹೊಲದಾಗ ಹಡದಳು.
ನಾಕು ದಿನದಿಂದ ಅಲ್ಲೇ ಇದ್ದಳು,
ಮೊದಲು ಇವರಿಗಂಜಿ, ಆಮ್ಯಾಲ ಅವರಿಗಂಜಿ,
ಬಾಯಾಗ ಸೆರಗು ತುರುಕಿಕೊಂಡು.
"ನಾ ಅಳಲೇ ಇಲ್ಲಂತ. ಅತ್ತಿದ್ರ ಇಬ್ಬರೂ ಉಳೀತಿರಲಿಲ್ಲ.
ಅಪ್ಪ ನೀರು ತರ್ತೀನಂತ ಹೋದಾಂವ..."
ಅಂದು ಗೂಟಕ್ಕ ಹುರಿ ಬಿಗಿದ.

ಅದನ್ನ ನಾನು ಇಂಗ್ಲಿಷಿಗೆ ಮಾಡಲಿಲ್ಲ.
ಬರ್ತಿರಲಿಲ್ಲ ಅನ್ನೋದೂ ಖರೇ.
ಎಫುವಾ ಕೇಳಲಿಲ್ಲ,
ಹುರಿಯ ಇನ್ನೊಂದು ತುದಿ ಹಿಡಿದಳು.

ಆ ಗೆರಿ ಒಂದೀಟು ಸೊಟ್ಟಾತು.
ಆರ್‌ಐ ಸಾಹೇಬ ಬೈದ. ಅಳಿಸಾಕ ವ್ಯಾಳ್ಯಾ ಇರಲಿಲ್ಲ.
ಮರುದಿನ ಧ್ವಜ ಏರೋಮುಂದ
ಎನ್‌ಸಿಸಿ ಹುಡುಗೇರು ಆ ಸೊಟ್ಟಿನ ಮ್ಯಾಲ
ಸೊಟ್ಟಗೇ ನಿಂತು ಸಲಾಮಿ ಕೊಟ್ಟರು.

ಈಗ ಊರಿನ ಹೆಸರು ಬದಲಾಗೇದ, ಸುಣ್ಣಕ್ಕ ಗಾಲಿ ಗಾಡಿ ಬಂದದ.
ಜುಮ್ಮಣ್ಣ ಇಲ್ಲ.
ಎಫುವಾ ಪತ್ರ ಬರೀಲಿಲ್ಲ, ನಾವೂ ವಿಳಾಸ ಕೊಟ್ಟಿರಲಿಲ್ಲ.
ಮೈಕ್ ಸೆಟ್ಟಿನ ಅಂಗಡಿ ನಂದಾಗೇದ.

ನಸುಕಿನ್ಯಾಗ, ಖಾಲಿ ಕುರ್ಚಿಗಳ ಮುಂದ,
ಎಲ್ಲಾರಂಗ ಒಂದು ಎರಡು ಮೂರು ಅನ್ನೋದಿಲ್ಲ ನಾ.
"ಹಲೋ... ಜುಮ್ಮಾ... ಎಫುವಾ...
ಶುಕ್ರವಾರ, ಶುಕ್ರವಾರ..."
ಆ ಕಡಿ ಮೆಟ್ಟಿಲಿಗೆ ಬಡಿದು ತಿರುಗಿ ಬರ್ತದ ವಾರ, ವಾರ.

ಪಹರೆಕ್ಕ ಕೂತ ಹೊಸ ಪೇದೆ ಒದರ್ತಾನ:
"ಏ ಅಣ್ಣಾ, ಇವತ್ತ ಮಂಗಳವಾರ ಅದ!"